‘ವಿಮೋಚನಕಾಂಡ’ದ ಮೂವತ್ತೇಳು ವರ್ಷಗಳು

ಈ ಬಾರಿ ನಾನು ಎತ್ತಿಕೊಂಡಿರುವ ವಿಷಯ ಕೆಲವರಿಗೆ ಮುಜುಗರವನ್ನುಂಟುಮಾಡಬಹುದು. ‘ನಿವೃತ್ತರಾದ ಮೇಷ್ಟರಿಗೆ ಈ ವಯಸ್ಸಿನಲ್ಲಿ ಈ ಉಸಾಬರಿ ಏಕೆ?’ ಎಂದು ಕೇಳುವವರೂ ಇರಬಹುದು. ಅವರಿಗೆ ಉತ್ತರವಾಗಿ ಮೊದಲು ಒಂದು ಹಳೆಯ ಪ್ರಸಂಗವನ್ನು ಹೇಳಿ, ಬಳಿಕ ಇತಿಹಾಸಕ್ಕೆ ಬರುತ್ತೇನೆ.

ತೊಂಬತ್ತರ ದಶಕದ ಮಾತು. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ಊರಿನಲ್ಲಿ ಗುಮಾಸ್ತರೊಬ್ಬರಿದ್ದರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಆಗ ಪದವಿ ಮುಗಿಸಿ ಕೆಲಸಕ್ಕೆ ಸೇರಿದ್ದ. ಒಂದು ಸಂಜೆ ತಂದೆತಾಯಿಗಳಿಬ್ಬರೂ ನಮ್ಮ ಮನೆಗೆ ಬಂದು, ಬಾಗಿಲು ಮುಂದೆ ಮಾಡಿ ಕುಳಿತರು. ಬಹಳ ಹೊತ್ತು ಮಾತೇ ಹೊರಡಲಿಲ್ಲ. ಕೊನೆಗೆ ತಾಯಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ‘ಮೇಷ್ಟ್ರೇ, ಅವನಿಗೆ ಹೆಣ್ಣುಮಕ್ಕಳ ಕಡೆ ಮನಸ್ಸೇ ಇಲ್ಲವಂತೆ. ಅವನೇ ಬಾಯಿಬಿಟ್ಟು ಹೇಳಿದ. ಏನು ಮಾಡೋಣ ಹೇಳಿ’ ಎಂದರು. ಊರಿನಲ್ಲಿ ಮೇಷ್ಟರೆಂದರೆ ಎಲ್ಲವನ್ನೂ ಬಲ್ಲವರೆಂಬ ನಂಬಿಕೆಯಿದ್ದ ಕಾಲವದು. ನನಗೂ ಆ ನಂಬಿಕೆ ಸ್ವಲ್ಪಮಟ್ಟಿಗೆ ಇತ್ತು. ಒಂದು ಕ್ಷಣವೂ ಯೋಚಿಸದೆ, ‘ಒಳ್ಳೆಯ ಡಾಕ್ಟರಿಗೆ ತೋರಿಸಿ, ಮನೆದೇವರಿಗೆ ಹರಕೆ ಹೊತ್ತುಕೊಳ್ಳಿ, ಮದುವೆ ಮಾಡಿ. ಎಲ್ಲ ಸರಿಹೋಗುತ್ತದೆ’ ಎಂದುಬಿಟ್ಟೆ. ಅವರು ನನ್ನ ಮಾತಿನಂತೆಯೇ ನಡೆದರು. ಮದುವೆಗೆ ಹೋಗಿ, ಹೋಳಿಗೆ ಊಟ ಮಾಡಿ, ಅಕ್ಷತೆ ಹಾಕಿ ಬಂದೆ. ಆಮೇಲೆ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ಅಂದು ಹೇಳಿದ ಮೂರು ಮಾತುಗಳು, ಅಂದರೆ ವೈದ್ಯ, ದೇವರು, ಮದುವೆ ಎಂಬವು, ನಮ್ಮ ಊರಿನ ಸ್ವತ್ತೇನೂ ಅಲ್ಲ. ಅಮೆರಿಕಾದಲ್ಲಿ ಇವೇ ಮೂರನ್ನು ಸೇರಿಸಿ ಒಂದು ದೊಡ್ಡ ಚಳವಳಿಯನ್ನೇ ಕಟ್ಟಿದ್ದರು. ಸಲಿಂಗಾಸಕ್ತರನ್ನು ಪ್ರಾರ್ಥನೆ ಮತ್ತು ಚಿಕಿತ್ಸೆಗಳಿಂದ ‘ಬದಲಾಯಿಸುವ’ ಆ ಪ್ರಯತ್ನವನ್ನು ಪರಿವರ್ತನಾ ಚಿಕಿತ್ಸೆ ಎಂದು ಕರೆಯುತ್ತಾರೆ. ಅದರ ಏಳುಬೀಳುಗಳನ್ನು ನಾನು ನಿವೃತ್ತಿಯ ನಂತರ ಬಿಡುವಾಗಿ ಓದಿದೆ. ಓದಿದಷ್ಟೂ, ಇದು ಕೇವಲ ವಿಜ್ಞಾನಕ್ಕೂ ಧರ್ಮಕ್ಕೂ ನಡೆದ ಜಗಳವಲ್ಲ, ಧರ್ಮದ ಒಳಗೇ ನಡೆದ ದೊಡ್ಡ ವಾಗ್ವಾದ ಎಂಬುದು ಮನದಟ್ಟಾಯಿತು.

ಮೊದಲಿಗೆ ಹಿನ್ನೆಲೆಯನ್ನು ನೋಡೋಣ. ಪಾಶ್ಚಾತ್ಯ ಜಗತ್ತಿನಲ್ಲಿ ಸಲಿಂಗಾಸಕ್ತಿಯು ಮೊದಲು ಪಾಪವೆನಿಸಿಕೊಂಡಿತ್ತು. ನಂತರ ಅಪರಾಧವೂ ಆಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೋಗವೂ ಆಯಿತು. 1886ರಲ್ಲಿ ಕ್ರಾಫ್ಟ್-ಎಬಿಂಗ್ ಎಂಬ ಮನೋವೈದ್ಯನು ಪ್ರಕಟಿಸಿದ ಗ್ರಂಥವು ಅದನ್ನು ವಿಕೃತಿಗಳ ಪಟ್ಟಿಯಲ್ಲಿ ಸೇರಿಸಿತು. ಸಿಗ್ಮಂಡ್ ಫ್ರಾಯ್ಡನ ನಿಲುವು ಇದಕ್ಕಿಂತ ಮೃದುವಾಗಿತ್ತು. ಮಗನ ವಿಷಯದಲ್ಲಿ ಚಿಂತಿತಳಾಗಿದ್ದ ಅಮೆರಿಕಾದ ತಾಯಿಯೊಬ್ಬಳಿಗೆ ಅವನು 1935ರಲ್ಲಿ ಬರೆದ ಪತ್ರವು ಪ್ರಸಿದ್ಧವಾಗಿದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಇದನ್ನು ರೋಗವೆಂದು ಎಣಿಸಲಾಗದು, ಬದಲಾಯಿಸುವ ಭರವಸೆಯನ್ನು ಸಾಮಾನ್ಯವಾಗಿ ಕೊಡಲಾಗದು ಎಂಬುದು ಅದರ ಸಾರಾಂಶ. ಆ ಪತ್ರವನ್ನು ಓದಿದಾಗ, ನಮ್ಮ ಮನೆಗೆ ಬಂದಿದ್ದ ಆ ತಾಯಿಯ ಮುಖ ನನಗೆ ನೆನಪಾಯಿತು. ನನಗಿಂತ ಅರವತ್ತು ವರ್ಷ ಮೊದಲೇ, ಅದೇ ಪ್ರಶ್ನೆಗೆ, ಎಷ್ಟೊಂದು ಭಿನ್ನವಾದ ಉತ್ತರ!

ಆದರೆ ಫ್ರಾಯ್ಡನ ಅನುಯಾಯಿಗಳೇ ಅವನ ಈ ಮಾತನ್ನು ಕೇಳಲಿಲ್ಲ. ತಂದೆಯು ದೂರದವನಾಗಿದ್ದು ತಾಯಿಯು ಅತಿಯಾಗಿ ಹಚ್ಚಿಕೊಂಡರೆ ಮಗ ಹೀಗಾಗುತ್ತಾನೆ ಎಂಬ ಸಿದ್ಧಾಂತವು ಅಮೆರಿಕಾದಲ್ಲಿ ಬೇರೂರಿತು. ಅಲ್ಲಿನ ಮನೋವೈದ್ಯಕೀಯ ಸಂಘವು 1952ರಲ್ಲಿ ಹೊರತಂದ ಮಾನಸಿಕ ರೋಗಗಳ ಮೊದಲ ಕೈಪಿಡಿಯಲ್ಲಿ ಸಲಿಂಗಾಸಕ್ತಿಗೂ ಸ್ಥಾನ ದೊರೆಯಿತು. ಅದೇ 1952ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್‌ಗೆ ನ್ಯಾಯಾಲಯವು ಸೆರೆಮನೆಯ ಬದಲಾಗಿ ಹಾರ್ಮೋನು ಚಿಕಿತ್ಸೆಯನ್ನು ವಿಧಿಸಿತು. ಎರಡೇ ವರ್ಷಗಳಲ್ಲಿ ಆ ಮೇಧಾವಿ ತೀರಿಕೊಂಡ. ಚಿತ್ರಗಳನ್ನು ತೋರಿಸುತ್ತ ವಿದ್ಯುತ್ ಆಘಾತ ಕೊಡುವ, ವಾಂತಿ ಬರಿಸುವ ಔಷಧ ಕೊಡುವ ‘ಜುಗುಪ್ಸಾ ಚಿಕಿತ್ಸೆ’ಗಳೂ ಆಸ್ಪತ್ರೆಗಳಲ್ಲಿ ನಡೆದವು. ಇವನ್ನು ಮಾಡಿದವರು ಪುರೋಹಿತರಲ್ಲ, ಬಿಳಿಯ ಕೋಟು ತೊಟ್ಟ ವೈದ್ಯರು ಎಂಬುದನ್ನು ನಾವು ಮರೆಯಬಾರದು.

1973ರ ಡಿಸೆಂಬರ್ 15ರಂದು ಅಮೆರಿಕಾದ ಮನೋವೈದ್ಯಕೀಯ ಸಂಘದ ಆಡಳಿತ ಮಂಡಳಿಯು ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ಕೈಬಿಡಲು ನಿರ್ಧರಿಸಿತು. ಒಪ್ಪದ ಸದಸ್ಯರು ಜನಮತಕ್ಕಾಗಿ ಪಟ್ಟುಹಿಡಿದರು. 1974ರಲ್ಲಿ ನಡೆದ ಆ ಮತದಾನದಲ್ಲಿ ಶೇಕಡಾ 58ರಷ್ಟು ಮಂದಿ ಮಂಡಳಿಯ ನಿರ್ಧಾರವನ್ನು ಎತ್ತಿಹಿಡಿದರು. ಈ ಬದಲಾವಣೆಯ ಕರಡನ್ನು ಸಿದ್ಧಪಡಿಸುವುದರಲ್ಲಿ ಮುಂದಾಗಿದ್ದವರು ರಾಬರ್ಟ್ ಸ್ಪಿಟ್ಜರ್ ಎಂಬ ಮನೋವೈದ್ಯರು. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇವರು ಮತ್ತೆ ಬರುತ್ತಾರೆ, ಬೇರೊಂದು ಪಾತ್ರದಲ್ಲಿ.

ಇತಿಹಾಸದ ವಿಚಿತ್ರ ಇರುವುದು ಇಲ್ಲಿಯೇ. ವೈದ್ಯಶಾಸ್ತ್ರವು ಯಾವ ಗಳಿಗೆಯಲ್ಲಿ ಈ ‘ರೋಗ’ವನ್ನು ಕೈಬಿಟ್ಟಿತೋ, ಹೆಚ್ಚುಕಡಿಮೆ ಅದೇ ಗಳಿಗೆಯಲ್ಲಿ ಧರ್ಮದ ಒಂದು ಶಾಖೆಯು ಅದನ್ನು ಎತ್ತಿಕೊಂಡಿತು. 1973ರಲ್ಲಿಯೇ ಕ್ಯಾಲಿಫೋರ್ನಿಯಾದ ಸಾನ್ ರಫೇಲ್ ಎಂಬಲ್ಲಿ ಫ್ರಾಂಕ್ ವರ್ದೆನ್, ಜಾನ್ ಇವಾನ್ಸ್ ಮತ್ತು ಪಾದ್ರಿ ಕೆಂಟ್ ಫಿಲ್ಪಾಟ್ ಸೇರಿ ‘ಲವ್ ಇನ್ ಆಕ್ಷನ್’ ಎಂಬ ಸೇವಾಸಂಸ್ಥೆಯನ್ನು ಆರಂಭಿಸಿದರು. ಯೇಸುವಿನಲ್ಲಿ ವಿಶ್ವಾಸವಿಟ್ಟವರು ಸಲಿಂಗಾಸಕ್ತಿಯಿಂದ ಬಿಡುಗಡೆ ಪಡೆಯಬಹುದು ಎಂಬುದು ಅವರ ಸಂದೇಶ. 1976ರಲ್ಲಿ ಅನಹೈಮ್ ಪಟ್ಟಣದ ಮೆಲೊಡಿಲ್ಯಾಂಡ್ ಎಂಬ ಕ್ರೈಸ್ತ ಕೇಂದ್ರದಲ್ಲಿ ಇಂತಹ ಹಲವು ಗುಂಪುಗಳ ಸುಮಾರು ಅರವತ್ತು ಮಂದಿ ಸಭೆ ಸೇರಿದರು. ಅಲ್ಲಿ ಹುಟ್ಟಿದ ಒಕ್ಕೂಟವೇ ‘ಎಕ್ಸೋಡಸ್’. ಕನ್ನಡ ಬೈಬಲ್ಲಿನಲ್ಲಿ ಎಕ್ಸೋಡಸ್ ಗ್ರಂಥಕ್ಕೆ ‘ವಿಮೋಚನಕಾಂಡ’ ಎಂಬ ಹೆಸರಿದೆ. ಈಜಿಪ್ಟಿನ ದಾಸ್ಯದಿಂದ ಇಸ್ರಾಯೇಲ್ಯರು ಹೊರಟುಬಂದಂತೆ ನಾವೂ ನಮ್ಮ ಪ್ರವೃತ್ತಿಯ ದಾಸ್ಯದಿಂದ ಹೊರಟುಬರುತ್ತೇವೆ ಎಂಬ ಭಾವನೆ ಆ ಹೆಸರಿನ ಹಿಂದೆ ಇತ್ತು.

ಈ ಜನರನ್ನು ಕಪಟಿಗಳೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಅಂದಿನ ಚರ್ಚುಗಳಲ್ಲಿ ಸಲಿಂಗಾಸಕ್ತನಿಗೆ ಕಾಲಿಡಲೂ ಜಾಗವಿರಲಿಲ್ಲ. ‘ನೀನೂ ದೇವರ ಮಗುವೇ, ನಮ್ಮೊಂದಿಗೆ ಬಾ’ ಎಂದು ಕರೆದವರಲ್ಲಿ ಇವರೂ ಸೇರಿದ್ದರು. ಆರಂಭಿಸಿದವರಲ್ಲಿ ಹೆಚ್ಚಿನವರು ಸ್ವತಃ ಆ ಒಲವುಳ್ಳವರೇ. ತಮ್ಮ ಶ್ರದ್ಧೆಯನ್ನೂ ತಮ್ಮ ದೇಹವನ್ನೂ ಒಂದೇ ಮನೆಯಲ್ಲಿ ಬಾಳಿಸುವ ದಾರಿಯನ್ನು ಅವರು ಪ್ರಾಮಾಣಿಕವಾಗಿ ಹುಡುಕುತ್ತಿದ್ದರು.

ಅವರ ಶಾಸ್ತ್ರಾಧಾರವೇನು? ಯಾಜಕಕಾಂಡದ ನಿಷೇಧಗಳು, ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯ, ಇವುಗಳ ಜತೆಗೆ ಮುಖ್ಯವಾಗಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರನೆಯ ಅಧ್ಯಾಯ. ಅಲ್ಲಿ ಸಂತ ಪೌಲನು ದೇವರ ರಾಜ್ಯಕ್ಕೆ ಬಾಧ್ಯರಾಗದವರ ಪಟ್ಟಿಯನ್ನು ಕೊಟ್ಟು, ನಿಮ್ಮಲ್ಲಿಯೂ ಕೆಲವರು ಹಿಂದೆ ಅಂಥವರಾಗಿದ್ದಿರಿ, ಈಗ ಶುದ್ಧರಾಗಿದ್ದೀರಿ ಎಂಬರ್ಥದ ಮಾತನ್ನು ಹೇಳುತ್ತಾನೆ. ‘ಆಗಿದ್ದಿರಿ’ ಎಂಬ ಆ ಭೂತಕಾಲದ ಕ್ರಿಯಾಪದವೇ ಚಳವಳಿಯ ಅಡಿಪಾಯವಾಯಿತು. ಅದಾದರೋ ವಿವಾದಾತೀತವಾಗಿರಲಿಲ್ಲ. ಆ ಪಟ್ಟಿಯಲ್ಲಿರುವ ‘ಮಲಕೊಯ್’, ‘ಆರ್ಸೆನೊಕೊಯ್ಟೈ’ ಎಂಬ ಎರಡು ಗ್ರೀಕ್ ಪದಗಳ ನಿಖರ ಅರ್ಥದ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಅವೆರಡನ್ನೂ ಸೇರಿಸಿ ‘ಹೋಮೋಸೆಕ್ಷುಯಲ್’ ಎಂಬ ಆಧುನಿಕ ಪದದಿಂದ ಅನುವಾದಿಸಿದ್ದು 1946ರ ಒಂದು ಇಂಗ್ಲಿಷ್ ಆವೃತ್ತಿ. ಪೌಲನ ಕಾಲದಲ್ಲಿ ಮನುಷ್ಯನ ಸ್ಥಿರವಾದ ‘ಒಲವು’ ಎಂಬ ಕಲ್ಪನೆಯೇ ಇರಲಿಲ್ಲ, ಅವನು ಖಂಡಿಸಿದ್ದು ತನ್ನ ಕಾಲದ ಶೋಷಣೆಯ ಆಚರಣೆಗಳನ್ನು ಎಂದು ಒಂದು ಪಕ್ಷ; ಆಚರಣೆ ಯಾವ ರೂಪದ್ದಾದರೂ ನಿಷೇಧ ನಿಷೇಧವೇ ಎಂದು ಇನ್ನೊಂದು ಪಕ್ಷ. ಈ ಮೊದಲ ಪಕ್ಷದವರೂ ಧರ್ಮದ ಒಳಗಿನವರೇ. 1968ರ ಅಕ್ಟೋಬರಿನಲ್ಲಿ, ಎಕ್ಸೋಡಸ್ ಹುಟ್ಟುವುದಕ್ಕೂ ಎಂಟು ವರ್ಷ ಮೊದಲು, ಚರ್ಚಿನಿಂದ ಹೊರಹಾಕಲ್ಪಟ್ಟಿದ್ದ ಟ್ರಾಯ್ ಪೆರಿ ಎಂಬ ಪಾದ್ರಿಯು ಕ್ಯಾಲಿಫೋರ್ನಿಯಾದ ತನ್ನ ಮನೆಯಲ್ಲಿ ಹನ್ನೆರಡು ಮಂದಿಯನ್ನು ಸೇರಿಸಿಕೊಂಡು, ಸಲಿಂಗಾಸಕ್ತರನ್ನು ಇದ್ದ ಹಾಗೆಯೇ ಸ್ವೀಕರಿಸುವ ಸಭೆಯನ್ನು ಆರಂಭಿಸಿದ್ದನು. ಹೀಗೆ ಒಂದೇ ರಾಜ್ಯದಲ್ಲಿ, ಒಂದೇ ಗ್ರಂಥವನ್ನು ಕೈಯಲ್ಲಿ ಹಿಡಿದು, ಇಬ್ಬರು ಎರಡು ದಿಕ್ಕಿಗೆ ಹೊರಟಿದ್ದರು.

ಶಾಸ್ತ್ರಕ್ಕೆ ಬೆಂಬಲವಾಗಿ ಚಳವಳಿಯು ಮನಃಶಾಸ್ತ್ರವನ್ನೂ ಎರವಲು ತಂದಿತು. 1983ರಲ್ಲಿ ಎಲಿಜಬೆತ್ ಮೊಬರ್ಲಿ ಎಂಬ ಬ್ರಿಟಿಷ್ ಲೇಖಕಿಯು, ಬಾಲ್ಯದಲ್ಲಿ ತನ್ನದೇ ಲಿಂಗದ ಪೋಷಕರೊಂದಿಗಿನ ಬಾಂಧವ್ಯದಲ್ಲಿ ಉಂಟಾದ ಕೊರತೆಯೇ ಸಲಿಂಗಾಸಕ್ತಿಗೆ ಕಾರಣ ಎಂದು ವಾದಿಸಿದಳು. ಜೋಸೆಫ್ ನಿಕೊಲೋಸಿ ಎಂಬ ಮನಃಶಾಸ್ತ್ರಜ್ಞರು 1991ರಲ್ಲಿ ಈ ಬಗೆಯ ವಿಚಾರಗಳ ಮೇಲೆ ‘ರಿಪೇರೆಟಿವ್ ಥೆರಪಿ’ ಎಂಬ ಪದ್ಧತಿಯನ್ನು ಕಟ್ಟಿ ಗ್ರಂಥ ಬರೆದರು. ಮರುವರ್ಷ ಸಮಾನ ಮನಸ್ಕರೊಂದಿಗೆ ಸೇರಿ ಒಂದು ಸಂಘವನ್ನೂ ಸ್ಥಾಪಿಸಿದರು. ವೈದ್ಯರು ತಿಪ್ಪೆಗೆ ಎಸೆದಿದ್ದ ಹಳೆಯ ಸಿದ್ಧಾಂತವನ್ನು ಭಕ್ತರು ತೊಳೆದು ದೇವರ ಕೋಣೆಯಲ್ಲಿ ಇರಿಸಿದರೆನ್ನಬಹುದು. ಇದರ ಪರಿಣಾಮವಾಗಿ ತಂದೆತಾಯಿಗಳ ಹೆಗಲಿಗೂ ಅಪರಾಧದ ಹೊರೆ ಬಿತ್ತು. ‘ನನ್ನ ಪ್ರೀತಿಯಲ್ಲಿ ಏನು ಕೊರತೆಯಾಯಿತು?’ ಎಂದು ಎಷ್ಟೋ ತಾಯಂದಿರು, ಎಷ್ಟೋ ತಂದೆಯರು ಕೊರಗಿದರು.

ಇಷ್ಟಕ್ಕೂ ಫಲಿತಾಂಶವೇನು? ಚಳವಳಿಯನ್ನು ಮೊದಲು ಪ್ರಶ್ನಿಸಿದವರು ಅದನ್ನು ಕಟ್ಟಿದವರೇ. ಲವ್ ಇನ್ ಆಕ್ಷನ್‌ನ ಜಾನ್ ಇವಾನ್ಸ್, ಬದಲಾಗಲಾರದ ಹತಾಶೆಯಿಂದ ತನ್ನ ಗೆಳೆಯನೊಬ್ಬ ಪ್ರಾಣ ಕಳೆದುಕೊಂಡಾಗ, ಸಂಸ್ಥೆಯನ್ನು ತೊರೆದು ಅದರ ಕಟುಟೀಕಾಕಾರನಾದನು. ಎಕ್ಸೋಡಸ್‌ನ ಸ್ಥಾಪಕರಲ್ಲಿ ಒಬ್ಬನಾದ ಮೈಕೆಲ್ ಬಸ್ಸಿ ಮತ್ತು ಅವನ ಸಹೋದ್ಯೋಗಿ ಗ್ಯಾರಿ ಕೂಪರ್ ತಾವಿಬ್ಬರೂ ಪರಸ್ಪರ ಪ್ರೀತಿಸುತ್ತಿದ್ದೇವೆಂದು ಒಪ್ಪಿಕೊಂಡು 1979ರಲ್ಲಿ ಸಂಸ್ಥೆಯಿಂದ ಹೊರಬಂದರು. ಇಬ್ಬರೂ ವಿವಾಹಿತರಾಗಿದ್ದವರು. 2007ರಲ್ಲಿ ಬಸ್ಸಿಯು ಇಂತಹ ಸಂಸ್ಥೆಗಳ ಇನ್ನಿಬ್ಬರು ಮಾಜಿ ನಾಯಕರೊಂದಿಗೆ ಸೇರಿ, ತಾವು ಮಾಡಿದ ಹಾನಿಗಾಗಿ ಬಹಿರಂಗವಾಗಿ ಕ್ಷಮೆ ಯಾಚಿಸಿದನು.

ಆದರೂ ಸಂಸ್ಥೆ ಬೆಳೆಯುತ್ತಲೇ ಹೋಯಿತು. ಉಚ್ಛ್ರಾಯ ಕಾಲದಲ್ಲಿ ಇನ್ನೂರಕ್ಕೂ ಹೆಚ್ಚು ಸ್ಥಳೀಯ ಸೇವಾಸಂಸ್ಥೆಗಳು ಅದರ ಸದಸ್ಯತ್ವ ಪಡೆದಿದ್ದವು. 1998ರ ಬೇಸಿಗೆಯಲ್ಲಿ ಅಮೆರಿಕಾದ ದೊಡ್ಡ ಪತ್ರಿಕೆಗಳಲ್ಲಿ, ಬದಲಾವಣೆ ಸಾಧ್ಯ ಎಂದು ಸಾರುವ ಪೂರ್ಣಪುಟದ ಜಾಹೀರಾತುಗಳು ಬಂದವು. ಬದಲಾದವರೆಂದು ಹೇಳಿಕೊಂಡು ಮದುವೆಯಾಗಿದ್ದ ಜಾನ್ ಪಾಲ್ಕ್ ದಂಪತಿಗಳ ಚಿತ್ರ ಆ ವರ್ಷದ ಆಗಸ್ಟಿನಲ್ಲಿ ‘ನ್ಯೂಸ್‌ವೀಕ್’ ವಾರಪತ್ರಿಕೆಯ ಮುಖಪುಟದಲ್ಲಿ ಪ್ರಕಟವಾಯಿತು. 2000ದಲ್ಲಿ ಅದೇ ಪಾಲ್ಕ್ ವಾಷಿಂಗ್ಟನ್ನಿನ ಸಲಿಂಗಾಸಕ್ತರ ಮದ್ಯದಂಗಡಿಯೊಂದರಲ್ಲಿ ಕಂಡುಬಂದನು. 2013ರಲ್ಲಿ ಅವನೂ ಕ್ಷಮೆ ಕೇಳಿದನು. ಆ ಹೊತ್ತಿಗೆ ಎಷ್ಟು ಕುಟುಂಬಗಳು ಆ ಮುಖಪುಟವನ್ನು ನಂಬಿ ತಮ್ಮ ಮಕ್ಕಳನ್ನು ಎಲ್ಲೆಲ್ಲಿಗೆ ಕಳುಹಿಸಿದ್ದವೋ!

ಈಗ ಸ್ಪಿಟ್ಜರ್ ಅವರ ವಿಷಯಕ್ಕೆ ಬರೋಣ. 1973ರಲ್ಲಿ ಸಲಿಂಗಾಸಕ್ತಿಯನ್ನು ರೋಗಪಟ್ಟಿಯಿಂದ ತೆಗೆಸಿದ ಇವರೇ, 2001ರಲ್ಲಿ ಇನ್ನೂರು ಮಂದಿಯ ಅಧ್ಯಯನವೊಂದನ್ನು ಮಂಡಿಸಿ, ಬಲವಾದ ಇಚ್ಛೆಯುಳ್ಳ ಕೆಲವರು ಬದಲಾಗಬಲ್ಲರು ಎಂದರು. 2003ರಲ್ಲಿ ಅದು ಪ್ರಕಟವಾಯಿತು. ಚಳವಳಿಗೆ ಇದಕ್ಕಿಂತ ದೊಡ್ಡ ವರ ಬೇಕಿತ್ತೇ? ಆದರೆ ಆ ಅಧ್ಯಯನದಲ್ಲಿ ದೊಡ್ಡ ಲೋಪವಿತ್ತು. ದೂರವಾಣಿಯಲ್ಲಿ ಸುಮಾರು ಮುಕ್ಕಾಲು ಗಂಟೆ ಮಾತನಾಡಿಸಿ, ಅವರು ಹೇಳಿದ್ದನ್ನು ಬರೆದುಕೊಂಡದ್ದೇ ಆಧಾರ. ಮಾತನಾಡಿದವರಲ್ಲಿ ಬಹಳಷ್ಟು ಮಂದಿಯನ್ನು ಕಳುಹಿಸಿದ್ದು ಇಂತಹ ಸಂಸ್ಥೆಗಳೇ. ನಮ್ಮ ಶಾಲೆಯ ತಪಾಸಣೆಗೆ ಬಂದ ಅಧಿಕಾರಿಯು ನಾವೇ ಆರಿಸಿಕೊಟ್ಟ ಹತ್ತು ಹುಡುಗರನ್ನು ಮಾತ್ರ ಪ್ರಶ್ನಿಸಿ, ಶಾಲೆಯ ಎಲ್ಲ ಮಕ್ಕಳೂ ಜಾಣರೆಂದು ವರದಿ ಬರೆದಂತಾಯಿತು. 2009ರಲ್ಲಿ ಅಮೆರಿಕಾದ ಮನಃಶಾಸ್ತ್ರಜ್ಞರ ಸಂಘವು ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಒಲವು ಬದಲಾಗುತ್ತದೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದೂ ಹಾನಿಯ ಸಂಭವವಿದೆಯೆಂದೂ ಹೇಳಿತು. 2012ರಲ್ಲಿ, ಎಂಬತ್ತರ ಹೊಸ್ತಿಲಲ್ಲಿದ್ದು ಪಾರ್ಕಿನ್‌ಸನ್ ಕಾಯಿಲೆಯಿಂದ ಬಳಲುತ್ತಿದ್ದ ಸ್ಪಿಟ್ಜರ್, ತಮ್ಮ ತೀರ್ಮಾನಕ್ಕೆ ಆಧಾರವಿರಲಿಲ್ಲವೆಂದು ಬರೆದು ಸಲಿಂಗಾಸಕ್ತ ಸಮುದಾಯದ ಕ್ಷಮೆ ಕೇಳಿದರು. ಆ ವಯಸ್ಸಿನಲ್ಲಿ, ಆ ಕೀರ್ತಿಯ ಶಿಖರದಲ್ಲಿ ನಿಂತು, ‘ನಾನು ತಪ್ಪಿದೆ’ ಎನ್ನುವುದು ಸಾಮಾನ್ಯವಲ್ಲ. 2015ರಲ್ಲಿ ಅವರು ನಿಧನರಾದರು.

ಧಾರ್ಮಿಕ ಜಗತ್ತಿನ ಒಳಗಿನ ವಾಗ್ವಾದವನ್ನು ಸ್ಥೂಲವಾಗಿ ಮೂರು ಪಕ್ಷಗಳಾಗಿ ನೋಡಬಹುದು. ಒಲವೇ ಬದಲಾಗಬೇಕು, ದೇವರಿಗೆ ಅಸಾಧ್ಯವಾದುದಿಲ್ಲ ಎಂಬುದು ಮೊದಲನೆಯದು. ಒಲವನ್ನು ಬದಲಾಯಿಸಬೇಕಾಗಿಲ್ಲ, ಆದರೆ ಬ್ರಹ್ಮಚರ್ಯವನ್ನು ಪಾಲಿಸಬೇಕು ಎಂಬುದು ಎರಡನೆಯದು. ನ್ಯೂಯಾರ್ಕಿನಲ್ಲಿ 1980ರಲ್ಲಿ ಆರಂಭವಾದ ‘ಕರೇಜ್’ ಎಂಬ ಕ್ಯಾಥೊಲಿಕ್ ಸಂಸ್ಥೆಯ ಒತ್ತು ಈ ಕಡೆಗಿತ್ತು. ಒಲವೂ ದೇವರ ಸೃಷ್ಟಿಯೇ, ನಿಷ್ಠೆಯ ಪ್ರೇಮಕ್ಕೆ ಆಶೀರ್ವಾದವಿರಲಿ ಎಂಬುದು ಮೂರನೆಯದು. ಮೊದಲ ಪಕ್ಷವು ಹೊರಗಿನವರ ಟೀಕೆಯಿಂದಷ್ಟೇ ಅಲ್ಲ, ಎರಡನೆಯ ಮತ್ತು ಮೂರನೆಯ ಪಕ್ಷಗಳ ಪ್ರಶ್ನೆಗಳಿಂದಲೂ ಸೊರಗಿತು. ‘ನಿನ್ನ ಒಲವು ಬದಲಾಗದಿದ್ದರೆ ನಿನ್ನ ವಿಶ್ವಾಸ ಸಾಲದು’ ಎಂಬ ಬೋಧನೆಯು ಕೃಪೆಯ ತತ್ತ್ವಕ್ಕೇ ವಿರುದ್ಧವಲ್ಲವೇ ಎಂಬುದು ಆ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ತೀಕ್ಷ್ಣವಾದುದು.

ಯೆಹೂದ್ಯರಲ್ಲಿಯೂ ಇದೇ ಕಥೆ. ನ್ಯೂಜೆರ್ಸಿಯಲ್ಲಿ ‘ಜೋನಾ’ ಎಂಬ ಸಂಸ್ಥೆಯು ಯೆಹೂದಿ ತರುಣರಿಗೆ ಬದಲಾವಣೆಯ ಭರವಸೆ ಕೊಟ್ಟು ಶುಲ್ಕ ಪಡೆಯುತ್ತಿತ್ತು. 2012ರಲ್ಲಿ ಕೆಲವರು ಅದರ ಮೇಲೆ ದಾವೆ ಹೂಡಿದರು. ಅದೇ ವರ್ಷ ಅಮೆರಿಕಾದ ಸಂಪ್ರದಾಯನಿಷ್ಠ ರಬ್ಬಿಗಳ ಪ್ರಮುಖ ಸಂಘವೊಂದು ಆ ಸಂಸ್ಥೆಗೆ ತನ್ನ ಬೆಂಬಲವಿಲ್ಲವೆಂದು ಸಾರಿತು. ಗಮನಿಸಿ, ಆ ರಬ್ಬಿಗಳು ಧರ್ಮಶಾಸ್ತ್ರದ ನಿಷೇಧವನ್ನೇನೂ ಸಡಿಲಿಸಲಿಲ್ಲ. ಈ ಚಿಕಿತ್ಸೆಯನ್ನು ಮಾತ್ರ ನಂಬಲಿಲ್ಲ. 2015ರ ಜೂನ್‌ನಲ್ಲಿ ಜ್ಯೂರಿಯು ಗ್ರಾಹಕ ವಂಚನೆಯ ಕಾನೂನಿನಡಿ ಸಂಸ್ಥೆಯನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ಆತ್ಮೋದ್ಧಾರದ ಪ್ರಶ್ನೆಯಾಗಿ ಆರಂಭವಾದುದು ಕಡೆಗೆ, ಕೆಟ್ಟ ಸರಕು ಮಾರಿದ ಅಂಗಡಿಯ ಮೊಕದ್ದಮೆಯಂತೆ ಮುಗಿಯಿತು.

ಎಕ್ಸೋಡಸ್‌ನ ಅಂತ್ಯವೂ ಒಳಗಿನಿಂದಲೇ ಬಂದಿತು. 2001ರಿಂದ ಅಧ್ಯಕ್ಷನಾಗಿದ್ದ ಅಲನ್ ಚೇಂಬರ್ಸ್ ವಿವಾಹಿತ, ಇಬ್ಬರು ದತ್ತುಮಕ್ಕಳ ತಂದೆ. 2012ರ ಆರಂಭದಲ್ಲಿ ಅವನು ಸಭೆಯೊಂದರಲ್ಲಿ, ತಾನು ಕಂಡವರ ಪೈಕಿ ಶೇಕಡಾ 99.9ರಷ್ಟು ಮಂದಿಯ ಒಲವು ಬದಲಾಗಿಲ್ಲವೆಂದು ಒಪ್ಪಿಕೊಂಡನು. ತನ್ನ ಸಂಸ್ಥೆಯು ರಿಪೇರೆಟಿವ್ ಥೆರಪಿಯಿಂದ ದೂರ ಸರಿಯುವುದೆಂದೂ ಹೇಳಿದನು. ಬೈಬಲ್ ಪಂಡಿತ ರಾಬರ್ಟ್ ಗ್ಯಾಗ್ನನ್, ಚೇಂಬರ್ಸ್ ಜನರಿಗೆ ಹುಸಿ ಅಭಯ ಕೊಡುತ್ತಿದ್ದಾನೆಂದು ಆಕ್ಷೇಪಿಸಿ ಅವನ ರಾಜೀನಾಮೆಯನ್ನು ಕೇಳಿದರು. ಅಸಮಾಧಾನಗೊಂಡವರು ಅದೇ ವರ್ಷ ಬೇರೊಂದು ಒಕ್ಕೂಟವನ್ನು ಕಟ್ಟಿಕೊಂಡರು. 2013ರ ಜೂನ್ 19ರಂದು ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ನಡೆಯುತ್ತಿದ್ದ ವಾರ್ಷಿಕ ಸಮ್ಮೇಳನದ ಸಂದರ್ಭದಲ್ಲಿ ಚೇಂಬರ್ಸ್ ಕ್ಷಮೆ ಯಾಚಿಸಿ, ಸಂಸ್ಥೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಬದಲಾಗದೆ ನಾಚಿಕೆಯಲ್ಲಿ ಬೆಂದವರಿಗೆ, ಅಪರಾಧಭಾವ ಹೊತ್ತ ತಂದೆತಾಯಿಗಳಿಗೆ ತಾವು ನೋವುಂಟುಮಾಡಿದೆವೆಂದು ಅವನು ಹೇಳಿದನು. ಆದರೆ ವಿವಾಹದ ಬಗೆಗಿನ ತನ್ನ ಶ್ರದ್ಧೆಗಾಗಿ ಕ್ಷಮೆ ಕೇಳಲಿಲ್ಲ. ಆ ಭೇದವನ್ನು ಅವನು ಸ್ಪಷ್ಟವಾಗಿ ಇರಿಸಿಕೊಂಡದ್ದು ನನಗೆ ಪ್ರಾಮಾಣಿಕವೆಂದೇ ತೋರುತ್ತದೆ.

ಲವ್ ಇನ್ ಆಕ್ಷನ್ ಕೂಡ ಇದೇ ಹಾದಿ ಹಿಡಿಯಿತು. ಆ ಸಂಸ್ಥೆಯು ಟೆನೆಸ್ಸಿಯ ಮೆಂಫಿಸ್‌ಗೆ ಸ್ಥಳಾಂತರಗೊಂಡು, ತಂದೆತಾಯಿಗಳು ಕಳುಹಿಸಿದ ಹರೆಯದ ಮಕ್ಕಳಿಗೂ ಶಿಬಿರ ನಡೆಸಿತು. 2005ರಲ್ಲಿ ಹದಿನಾರರ ಹುಡುಗನೊಬ್ಬ, ತನ್ನನ್ನು ಅಲ್ಲಿಗೆ ಕಳುಹಿಸುತ್ತಿದ್ದಾರೆಂದು ಅಂತರ್ಜಾಲದಲ್ಲಿ ಬರೆದುಕೊಂಡಾಗ ದೊಡ್ಡ ಪ್ರತಿಭಟನೆಯೇ ನಡೆಯಿತು. ಅದರ ನಿರ್ದೇಶಕನಾಗಿದ್ದ ಜಾನ್ ಸ್ಮಿಡ್ ಮುಂದೆ ಹುದ್ದೆ ತೊರೆದು ಕ್ಷಮೆ ಕೇಳಿದನು. ಒಲವು ನಿಜವಾಗಿ ಬದಲಾದ ಒಬ್ಬ ಪುರುಷನನ್ನೂ ತಾನು ಕಂಡಿಲ್ಲವೆಂದು 2011ರಲ್ಲಿ ಬರೆದನು. ಆ ಸಂಸ್ಥೆಯಲ್ಲಿ ದಿನಗಳನ್ನು ಕಳೆದಿದ್ದ ಗ್ಯಾರಾರ್ಡ್ ಕಾನ್ಲಿ ಎಂಬ ಪಾದ್ರಿಯ ಮಗ 2016ರಲ್ಲಿ ಪ್ರಕಟಿಸಿದ ಆತ್ಮಕಥನ ‘ಬಾಯ್ ಇರೇಸ್ಡ್’ 2018ರಲ್ಲಿ ಚಲನಚಿತ್ರವೂ ಆಯಿತು.

ಆಶ್ಚರ್ಯವೆಂದರೆ ಕಟ್ಟಾ ಸಂಪ್ರದಾಯವಾದಿಗಳೂ ಈ ಚಿಕಿತ್ಸೆಯನ್ನು ಬಿಟ್ಟುಕೊಟ್ಟರು. 2015ರ ಅಕ್ಟೋಬರಿನಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಧರ್ಮಪಂಡಿತ ಆಲ್ಬರ್ಟ್ ಮೊಹ್ಲರ್, ಸಲಿಂಗ ಸಂಬಂಧ ಪಾಪವೆಂಬ ತಮ್ಮ ನಿಲುವನ್ನು ಕಿಂಚಿತ್ತೂ ಬದಲಿಸದೆ, ರಿಪೇರೆಟಿವ್ ಥೆರಪಿಯನ್ನು ತಿರಸ್ಕರಿಸಿದರು. ಇತ್ತ ಇಂಗ್ಲೆಂಡಿನಲ್ಲಿ, 2017ರ ಜುಲೈನಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಮಹಾಸಭೆಯು 298 ಮತಗಳಿಂದ, 74 ವಿರೋಧದ ನಡುವೆ, ಇದನ್ನು ನಿಷೇಧಿಸಬೇಕೆಂದು ಸರ್ಕಾರವನ್ನು ಒತ್ತಾಯಿಸಿತು. 2020ರ ಡಿಸೆಂಬರಿನಲ್ಲಿ ಹಲವು ಧರ್ಮಗಳ 370ಕ್ಕೂ ಹೆಚ್ಚು ನಾಯಕರು ಜಾಗತಿಕ ನಿಷೇಧಕ್ಕೆ ಕರೆಕೊಟ್ಟರು.

ಕಾನೂನಿನ ಪ್ರಶ್ನೆ ಅಷ್ಟು ಸರಳವಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾ ಅಮೆರಿಕಾದ ರಾಜ್ಯಗಳಲ್ಲೇ ಮೊದಲ ನಿಷೇಧವನ್ನು ತಂದಿತು. ಅದು ಅನ್ವಯಿಸಿದ್ದು ಪರವಾನಗಿಯುಳ್ಳ ಚಿಕಿತ್ಸಕರಿಗೆ, ಅದೂ ಅಪ್ರಾಪ್ತ ವಯಸ್ಕರ ವಿಷಯದಲ್ಲಿ ಮಾತ್ರ. ಪಾದ್ರಿಯ ಪ್ರಾರ್ಥನೆಯನ್ನು ಅದು ಮುಟ್ಟಲಿಲ್ಲ. ಮಾಲ್ಟಾ 2016ರಲ್ಲಿ, ಜರ್ಮನಿ 2020ರಲ್ಲಿ, ಕೆನಡಾ, ಫ್ರಾನ್ಸ್, ನ್ಯೂಜಿಲೆಂಡ್‌ಗಳು 2022ರಲ್ಲಿ ತಂತಮ್ಮ ರೀತಿಯಲ್ಲಿ ಕಾನೂನು ಜಾರಿಗೆ ತಂದವು. ಒಬ್ಬ ವಯಸ್ಕನು ತಾನಾಗಿಯೇ, ತನ್ನ ಶ್ರದ್ಧೆಗೆ ಅನುಗುಣವಾಗಿ ಬದುಕಲು ಗುರುಗಳ ಸಹಾಯ ಬೇಡಿದರೆ ಸರ್ಕಾರಕ್ಕೆ ಅದರಲ್ಲೇನು ಕೆಲಸ ಎಂದು ನಿಷೇಧವನ್ನು ವಿರೋಧಿಸುವವರು ಕೇಳುತ್ತಾರೆ. ಚಿಕಿತ್ಸಕನ ಮಾತು ವಾಕ್ಸ್ವಾತಂತ್ರ್ಯವೇ, ವೃತ್ತಿಯೇ ಎಂಬ ಪ್ರಶ್ನೆ ಕೊಲೊರಾಡೊ ರಾಜ್ಯದ ಪ್ರಕರಣವೊಂದರಲ್ಲಿ 2025ರ ಅಕ್ಟೋಬರಿನಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟಿನ ಮುಂದೆಯೂ ವಿಚಾರಣೆಗೆ ಬಂದಿತು. ಈ ವಾದವನ್ನು ಹಗುರವಾಗಿ ಕಾಣಲಾಗದು. ಆದರೆ ‘ತಾನಾಗಿಯೇ’ ಎಂಬ ಪದದ ಒಳಗೆ ಮನೆಯವರ ಕಣ್ಣೀರು, ನೆರೆಯವರ ನಾಲಗೆ, ಮೇಷ್ಟರ ಉಪದೇಶ ಎಷ್ಟೆಷ್ಟು ತುಂಬಿರುತ್ತವೆ ಎಂಬುದನ್ನು ನಾನು ಬಲ್ಲೆ.

ನಮ್ಮ ದೇಶದ ಮಾತನ್ನೂ ಎರಡು ವಾಕ್ಯಗಳಲ್ಲಿ ಹೇಳದಿದ್ದರೆ ಲೇಖನ ಅಪೂರ್ಣ. ಬೆಂಗಳೂರಿನಲ್ಲಿ ಹುಟ್ಟಿದ ಗಣಿತಪ್ರತಿಭೆ ಶಕುಂತಲಾ ದೇವಿಯವರು 1977ರಷ್ಟು ಹಿಂದೆಯೇ ಸಲಿಂಗಾಸಕ್ತರ ಬದುಕಿನ ಕುರಿತು ಇಂಗ್ಲಿಷಿನಲ್ಲಿ ಸಹಾನುಭೂತಿಯ ಗ್ರಂಥವೊಂದನ್ನು ಬರೆದಿದ್ದರು. ಅವರ ಲೆಕ್ಕದ ಚಮತ್ಕಾರಗಳನ್ನು ತರಗತಿಯಲ್ಲಿ ವರ್ಣಿಸಿದ ನಾನು ಆ ಪುಸ್ತಕದ ಹೆಸರನ್ನೇ ಕೇಳಿರಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2021ರ ಜೂನ್ 7ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಒಲವನ್ನು ‘ಗುಣಪಡಿಸುವ’ ವೈದ್ಯಕೀಯ ಯತ್ನಗಳನ್ನು ನಿಷೇಧಿಸಬೇಕೆಂದು ಆದೇಶಿಸಿದರು. ತೀರ್ಪು ಕೊಡುವ ಮುನ್ನ, ಈ ವಿಷಯದಲ್ಲಿ ತಮಗೆ ತಿಳಿವಳಿಕೆ ಸಾಲದೆಂದು ಒಪ್ಪಿಕೊಂಡು, ಮನಃಶಾಸ್ತ್ರಜ್ಞೆಯೊಬ್ಬರಿಂದ ಅವರು ತಾವೇ ಪಾಠ ಹೇಳಿಸಿಕೊಂಡರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿತು.

ಇನ್ನು ನನ್ನ ಕಥೆಯ ಉಳಿದ ಭಾಗ. ಆ ಮದುವೆ ಎರಡು ವರ್ಷವೂ ಬಾಳಲಿಲ್ಲ. ಹುಡುಗಿ ತೌರಿಗೆ ಮರಳಿದಳು. ಊರು ಅವಳನ್ನೇ ಬೈದಿತು. ಹುಡುಗ ಊರು ಬಿಟ್ಟ. ಬಹಳ ವರ್ಷಗಳ ನಂತರ, ನನ್ನ ನಿವೃತ್ತಿಯ ಬೀಳ್ಕೊಡುಗೆಯ ದಿನ, ಹಳೆಯ ವಿದ್ಯಾರ್ಥಿಗಳ ಸಾಲಿನಲ್ಲಿ ಅವನೂ ಬಂದಿದ್ದ. ತಲೆ ನರೆತಿತ್ತು. ನಾನಾಗಿಯೇ ಆ ಮಾತನ್ನು ಎತ್ತಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೆ ಬಿಡಿ ಸಾರ್, ನಾನು ಹೇಗೋ ದಡ ಸೇರಿದೆ. ಆ ಹುಡುಗಿ ಏನು ತಪ್ಪು ಮಾಡಿದ್ದಳು?’ ಎಂದ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಸ್ಪಿಟ್ಜರ್, ಚೇಂಬರ್ಸ್, ಬಸ್ಸಿ ಇವರೆಲ್ಲ ಲೋಕದೆದುರು ನಿಂತು ಕ್ಷಮೆ ಕೇಳಿದರು. ಅವರ ಕ್ಷಮೆಯಿಂದ ಹೋದ ವರ್ಷಗಳು ಮರಳಿ ಬರಲಿಲ್ಲ ನಿಜ. ಆದರೆ ಮುಂದೆ ಅದೇ ದಾರಿ ಹಿಡಿಯಲಿದ್ದ ಕೆಲವರಾದರೂ ನಿಂತು ಯೋಚಿಸಿರಬಹುದು. ಈ ಲೇಖನವನ್ನು ಬರೆದದ್ದೂ ಅದೇ ಉದ್ದೇಶದಿಂದ. ಓದುವವರಲ್ಲಿ ಶಿಕ್ಷಕರಿದ್ದೀರಿ, ತಂದೆತಾಯಿಗಳಿದ್ದೀರಿ. ನಾಳೆ ನಿಮ್ಮ ಮನೆಗೂ ಯಾರಾದರೂ ಬಂದು, ಬಾಗಿಲು ಮುಂದೆ ಮಾಡಿ ಕುಳಿತು ಇದೇ ಪ್ರಶ್ನೆ ಕೇಳಬಹುದು. ಆಗ ನನ್ನಂತೆ ಆತುರದ ಉತ್ತರ ಕೊಡಬೇಡಿ. ಮಗು ಏನು ಹೇಳುತ್ತಿದೆಯೋ ಅದನ್ನು ಮೊದಲು ಪೂರ್ತಿಯಾಗಿ ಕೇಳಿಸಿಕೊಳ್ಳಿ ಎಂದಷ್ಟು ಹೇಳಿ, ಅವರಿಗೆ ಒಂದು ಲೋಟ ನೀರು ಕೊಡಿ.